ಮನಾಮದ ಮೂರು ಖಾಲಿ ತಟ್ಟೆ

ಜೂನ್ 12, ಗುರುವಾರ

ಈ ಡೈರಿ ಡಿಸೆಂಬರಿನಲ್ಲಿ ಸೆವರಿನ್ ಕೊಟ್ಟದ್ದು. ಅವನು ಅಡುಗೆ ಮಾಡುತ್ತಿದ್ದ ಗಲ್ಫಿನ ಮನಾಮದ ಇಟಾಲಿಯನ್ ರೆಸ್ಟೋರೆಂಟಿನವರು ಹೊಸ ವರ್ಷಕ್ಕೆ ಗಿರಾಕಿಗಳಿಗೆ ಹಂಚುವುದಂತೆ. ರಟ್ಟಿನ ಮೇಲೆ ಒಂದು ನಿಂಬೆಗಿಡದ ಚಿತ್ರ. "ಇದರಲ್ಲಿ ಕವಿತೆ ಬರಿ ಶರೊನ್" ಎಂದಿದ್ದ. ನಾನು ಕವಿತೆ ಓದುವವಳು, ಬರೆಯುವವಳಲ್ಲ ಎಂದು ಇಪ್ಪತ್ತನಾಲ್ಕು ವರ್ಷ ಹೇಳಿದರೂ ನನ್ನ ಗಂಡನಿಗೆ ಆ ವ್ಯತ್ಯಾಸ ಹಿಡಿಸಲಿಲ್ಲ. ಜನವರಿಯಿಂದ ಈವರೆಗಿನ ಹಾಳೆಗಳೆಲ್ಲ ಖಾಲಿ. ಮಾರ್ಚ್ ಹನ್ನೊಂದನ್ನು ಮಗುಚುವಾಗ ಎರಡು ಹಾಳೆಗಳನ್ನು ಒಟ್ಟಿಗೆ ಮಗುಚಿದೆ. ಅವನು ರೆಸ್ಟೋರೆಂಟಿನ ಕೋಲ್ಡ್ ರೂಮಿನಲ್ಲಿ ಬಿದ್ದ ದಿನ ಅದು. ಮೆದುಳಿನ ರಕ್ತಸ್ರಾವ ಎಂದು ಅಲ್ಲಿಂದ ಬಂದ ಕಾಗದದಲ್ಲಿತ್ತು. ಶವಪೆಟ್ಟಿಗೆಯ ಜೊತೆ ಬಂದದ್ದು ಆ ಒಂದು ಕಾಗದ ಮಾತ್ರ.

ಇವತ್ತು ಬರೆಯಲು ಕೂತದ್ದಕ್ಕೆ ಕಾರಣ ಉಂಟು. ಸಂಜೆ ಆರೂವರೆಗೆ ಬೆಳ್ಳುಳ್ಳಿ ಹುರಿಯುವ ವಾಸನೆ ಬಂತು. ಬೆಳ್ಳುಳ್ಳಿ ಎಣ್ಣೆಯಲ್ಲಿ ಹೊಂಬಣ್ಣ ದಾಟಿ, ಇನ್ನು ಒಂದು ಕ್ಷಣ ಬಿಟ್ಟರೆ ಕಹಿಯಾಗುವ ಹೊತ್ತಿನ ವಾಸನೆ. ಹೋಗಿ ನೋಡಿದರೆ ಒಲೆ ಆರಿತ್ತು. ಪಕ್ಕದ ಫ್ಲ್ಯಾಟಿನ ಹೇಮಾಕ್ಷಿಯ ಮನೆಗೆ ಬೀಗ ಹಾಕಿತ್ತು. ಮೂರು ದಿನದಿಂದ ಹೀಗೆ.

ಇಲ್ಲಿ ಆರೂವರೆ ಎಂದರೆ ಅಲ್ಲಿ ನಾಲ್ಕು ಗಂಟೆ. ಮಧ್ಯಾಹ್ನದ ಗಿರಾಕಿಗಳು ಹೋಗಿ ರಾತ್ರಿಯವರು ಬರುವ ಮೊದಲಿನ ಬಿಡುವು. ಹತ್ತೊಂಬತ್ತು ವರ್ಷ ಅವನ ಫೋನ್ ಬಂದದ್ದು ಆ ಹೊತ್ತಿಗೇ.

ಜೂನ್ 15, ಭಾನುವಾರ

ಬಾಣಲೆಯಲ್ಲಿ ಉಳಿಸಿದ್ದ ಒಂದು ತುಂಡು ಮೀನಿಗೆ ಇರುವೆ ಮುತ್ತಿತ್ತು. ಆಂಡ್ರಿಯಾ ಡ್ಯೂಟಿ ಮುಗಿಸಿ ಬಂದವಳು ನೋಡಿದಳು.

"ಇದು ಯಾರಿಗೆ ಮಮ್ಮಿ?"

 ಅವಳಿಗೂ ಗೊತ್ತು. ಮದುವೆಯಾದ ಹೊಸತರಲ್ಲಿ ಸೆವರಿನ್ ಇಲ್ಲೇ ಹಂಪನಕಟ್ಟೆಯ ಒಂದು ಹೋಟೆಲಿನ ಅಡುಗೆಮನೆಯಲ್ಲಿದ್ದ. ಇಡೀ ದಿನ ಬೇಯಿಸಿ ಬಂದವನಿಗೆ ಊಟವೆಂದರೆ ಬೇಸರ. ನನ್ನ ತಟ್ಟೆಯ ಕೊನೆಯ ತುತ್ತನ್ನು ಮಾತ್ರ ಬಂದು ತಿನ್ನುತ್ತಿದ್ದ. ಹಾಗೆ ಒಂದು ತುತ್ತು ಬಿಡುವ ಅಭ್ಯಾಸ ಅಂಟಿತು. ಅವನು ಗಲ್ಫಿಗೆ ಹೋದ ಮೇಲೂ ಹೋಗಲಿಲ್ಲ.

"ಬಿಸಾಡ್ತೇನೆ" ಎಂದಳು ಆಂಡ್ರಿಯಾ, ಬಹಳ ಮೆಲ್ಲಗೆ.

ಜೂನ್ 21, ಶನಿವಾರ

ಹೇಮಾಕ್ಷಿ ಪಾಸ್ತಾ ಮಾಡಿ ತಂದಳು. ಮೊಬೈಲಿನಲ್ಲಿ ನೋಡಿ ಕಲಿತದ್ದಂತೆ. "ಸೆವರಿನಣ್ಣನ ನೆನಪಿಗೆ ಮಾಡಿದ್ದು ಟೀಚರೇ. ನಮ್ಮ ನಾಲಗೆಗೆ ಬೇಕಲ್ಲ, ಸ್ವಲ್ಪ ತೆಂಗಿನಕಾಯಿ ಅರೆದು ಹಾಕಿದ್ದೇನೆ. ಹುಳಿಗೆ ಎರಡು ಬಿಂಬುಳಿ ಕಾಯಿ."

ಅವಳು ನಿಂತು ನೋಡುತ್ತಿದ್ದಳು. ಎರಡು ಚಮಚ ತಿಂದು ಚೆನ್ನಾಗಿದೆ ಎಂದೆ. ಅವಳು ಹೋದ ಮೇಲೆ ಉಳಿದದ್ದನ್ನೂ ಬೇಗಬೇಗ ಮುಗಿಸಿದೆ. ಡಬ್ಬಿಯಲ್ಲಿಟ್ಟರೆ ಆಂಡ್ರಿಯಾ ಬಂದು ತಿನ್ನಬೇಕಾಗುತ್ತದೆ, ಪಾಪ, ರಾತ್ರಿ ಪಾಳಿ ಮಾಡಿ ಬರುವವಳು. ಖಾಲಿ ಡಬ್ಬಿ ಕಂಡು ಹೇಮಾಕ್ಷಿಗೆ ಎಷ್ಟು ಖುಷಿಯಾಯಿತೆಂದರೆ ಸಂಜೆಗೆ ಇನ್ನೊಂದು ಡಬ್ಬಿ ಬಂತು. ಅದನ್ನೂ ಮುಗಿಸಿದೆ.

ಆರೂವರೆಗೆ ವಾಸನೆ ಬಂತು.

ಜೂನ್ 29, ಭಾನುವಾರ

ಇವತ್ತು ಮಾಡಬಾರದ ಕೆಲಸ ಮಾಡಿದೆ. ಆ ರೆಸ್ಟೋರೆಂಟಿನ ಹೆಸರನ್ನು ಮೊಬೈಲಿನಲ್ಲಿ ಹುಡುಕಿದೆ. ಅಂಗಳದ ಫೋಟೋ, ನಿಂಬೆಗಿಡ ಬಿಡಿಸಿದ ಗೋಡೆ. ಕೆಳಗೆ ಊಟ ಮಾಡಿ ಹೋದವರು ಬರೆದ ಮಾತುಗಳು. ಒಬ್ಬೊಬ್ಬರದೂ ಓದಿದೆ.

ಎರಡು ವರ್ಷ ಹಿಂದಿನವು ಓದುವಾಗ ನಗು ಬಂತು. ಒಬ್ಬಳು ಬರೆದಿದ್ದಳು: ಇಲ್ಲಿಯ ಮೀನಿನ ಸೂಪ್ ಕುಡಿದು, ಸತ್ತು ಹೋದ ನನ್ನ ಅಜ್ಜಿಗೆ ಕಾಗದ ಬರೆಯಬೇಕೆನಿಸಿತು. ಸೆವರಿನ್, ನಿನ್ನ ಸೂಪಿಗೆ ಇದಕ್ಕಿಂತ ದೊಡ್ಡ ವಿಮರ್ಶೆ ಸಿಗಲಾರದು ಎಂದುಕೊಂಡೆ.

ಕಳೆದ ಆಗಸ್ಟಿನಿಂದ ಮಾತು ಬದಲಾಗುತ್ತದೆ. ಪಾಠ ಮಾಡುವವಳ ಚಾಳಿ, ಅವನ್ನು ಕನ್ನಡಕ್ಕೆ ತಿರುಗಿಸಿ ಇಲ್ಲಿ ಬರೆದಿಡುತ್ತಿದ್ದೇನೆ.

ಆಗಸ್ಟ್: "ಸಾಸ್ ಉಪ್ಪು. ಹೇಳಿದೆವು, ಬದಲಿಸಿ ಕೊಟ್ಟರು, ಅದೂ ಉಪ್ಪು."

ಸೆಪ್ಟೆಂಬರ್: "ಒಂದು ಕಾಲದಲ್ಲಿ ನಮ್ಮ ನೆಚ್ಚಿನ ಜಾಗ. ಬೆಳ್ಳುಳ್ಳಿ ಸೀದಿತ್ತು. ಒಳಗೆ ಯಾರೂ ಮೂಸಿ ನೋಡುವುದಿಲ್ಲವೇ?"

ಅಕ್ಟೋಬರ್: "ನಿರಾಶೆ." ಇಷ್ಟೇ. ಒಂದು ನಕ್ಷತ್ರ.

ನವೆಂಬರ್: "ಅಡುಗೆಯವನು ಬದಲಾಗಿರಬೇಕು."

ಅಡುಗೆಯವನು ಬದಲಾಗಿರಲಿಲ್ಲ.

ಜುಲೈ 2, ಬುಧವಾರ

ಕಾಲೇಜಿನಿಂದ ಬರುವಾಗ ಸುರತ್ಕಲ್‌ನಲ್ಲಿ ಬಸ್ಸು ಹತ್ತಿದವಳು ಕೊಟ್ಟಾರದಲ್ಲಿ ಇಳಿಯುವುದನ್ನು ಮರೆತೆ. ಲಾಲ್‌ಬಾಗಿನಿಂದ ನಡೆದು ಬಂದೆ. ಬಸ್ಸಿನಲ್ಲಿ ಪೂರ್ತಿ ಅಕ್ಟೋಬರಿನವನ ಒಂದು ನಕ್ಷತ್ರವೇ ತಲೆಯಲ್ಲಿತ್ತು.

ಜುಲೈ 8, ಮಂಗಳವಾರ

ಆಂಡ್ರಿಯಾಳಿಗೆ ಆ ಮಾತುಗಳನ್ನು ಓದಿ ಹೇಳಿದೆ. ನನ್ನ ಮಗಳು ನರರೋಗದ ವಾರ್ಡಿನ ನರ್ಸ್. ಕೇಳುತ್ತಾ ಕೇಳುತ್ತಾ ಅವಳ ಕೈ ತಟ್ಟೆಯಲ್ಲೇ ನಿಂತಿತು.

"ಬೆಳ್ಳುಳ್ಳಿ ಸೀದದ್ದು ಪಪ್ಪನಿಗೆ ಗೊತ್ತಾಗ್ಲಿಲ್ವಾ?"

"ಎಂತದೋ, ಗಡಿಬಿಡಿ ಇತ್ತೋ ಏನೋ."

"ಪಪ್ಪನಿಗಾ? ಲಿಫ್ಟಿನಲ್ಲಿ ನಿಂತು ಯಾವ ಮನೆಯಲ್ಲಿ ಯಾವ ಮೀನು ಅಂತ ಹೇಳ್ತಿದ್ದ ಪಪ್ಪನಿಗಾ?" ನನ್ನ ಕಡೆ ತಿರುಗಿ ಹೇಳಿದಳು. "ಮಮ್ಮಿ, ನಮ್ಮ ವಾರ್ಡಿಗೆ ಅಂಥವರು ಬರ್ತಾರೆ. ಮೂಗಿನ ನರದ ಮೇಲೆ ಗಡ್ಡೆ ಕೂತ್ರೆ ಮೊದಲು ಹೋಗುವುದು ವಾಸನೆ. ವಾಸನೆ ಹೋದ್ರೆ ರುಚಿಯೂ ಹೋದ ಹಾಗೆಯೇ. ತುಂಬ ಜನ ಥಂಡಿ ಅಂದ್ಕೊಳ್ತಾರೆ. ಮನೆಯವರು ಯಾರಾದ್ರೂ ಹೇಳಿದ್ರೆ ಬೇಗ ಗೊತ್ತಾಗ್ತದೆ. ಬೇಗ ಗೊತ್ತಾದ್ರೆ ಆಪರೇಷನ್ ಉಂಟು."

ಮನೆಯವರು ಯಾರಾದರೂ ಹೇಳಿದರೆ.

ಅವಳು ಅನ್ನ ಪೂರ್ತಿ ಮುಗಿಸಿ, ಎರಡು ಲೋಟ ನೀರು ಕುಡಿದು ಎದ್ದಳು. ನಾನು ಕೂತೇ ಇದ್ದೆ.

ಜುಲೈ 13, ಭಾನುವಾರ

ಇದನ್ನು ಬರೆಯದೆ ಬೇರೆ ದಾರಿಯಿಲ್ಲ. ಪಾದ್ರಿಗಳ ಹತ್ತಿರ ಹೇಳುವುದಕ್ಕಿಂತ ಮೊದಲು ಕಾಗದಕ್ಕೆ ಹೇಳುತ್ತೇನೆ.

ಡಿಸೆಂಬರಿನಲ್ಲಿ ಹತ್ತು ದಿನ ಮನಾಮದಲ್ಲಿದ್ದೆ. ಮೂರು ಸಂಜೆ ಅವನ ರೆಸ್ಟೋರೆಂಟಿನಲ್ಲಿ ಊಟ ಮಾಡಿದೆ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ. ಕಿಟಕಿಯ ಹತ್ತಿರ ಮೇಜು. ಅವನು ಒಳಗೆ ಬೇಯಿಸುವುದು, ನಾನು ಹೊರಗೆ ತಿನ್ನುವುದು.

ಮೊದಲ ಸಂಜೆ ಟೊಮೆಟೊ ಪಾಸ್ತಾ. ಉಪ್ಪು ಎಷ್ಟಿತ್ತೆಂದರೆ ಕಣ್ಣಲ್ಲಿ ನೀರು ಬಂತು. ಅವನು ಬಿಳಿ ಟೋಪಿಯಲ್ಲಿ ಬಾಗಿಲಿಗೆ ಬಂದು ಹುಬ್ಬು ಹಾರಿಸಿದ. ನಾನು ಹೆಬ್ಬೆರಳು ಎತ್ತಿ ತೋರಿಸಿದೆ. ಮೊದಲ ದಿನವಲ್ಲವೇ, ಹೆಂಡತಿ ಬಂದ ಗಡಿಬಿಡಿ ಎಂದುಕೊಂಡೆ.

ಎರಡನೆಯದು ಅಣಬೆ ಹಾಕಿದ ಅನ್ನ. ನಮ್ಮ ಗಂಜಿಯ ದೂರದ ನೆಂಟ. ಸೀದ ಬೆಳ್ಳುಳ್ಳಿ, ಬಾಯಿಯೆಲ್ಲ ಕಹಿ. "ಹೇಗಿತ್ತು?" ಎಂದು ಕೇಳಿದ. "ಎಷ್ಟು ಚೆನ್ನಾಗಿತ್ತು ಮಾರಾಯ" ಎಂದೆ.

ಮೂರನೆಯದು ಸಿಗಡಿ, ಮೀನು ಹಾಕಿದ ಸೂಪ್. ಬಟ್ಟಲು ಮೇಜಿಗೆ ಬರುವ ಮೊದಲೇ ನನಗೆ ಗೊತ್ತಾಯಿತು, ಸಿಗಡಿ ಕೆಟ್ಟಿದೆ. ಕಡಲ ಕರೆಯಲ್ಲಿ ಹುಟ್ಟಿ ಬೆಳೆದವಳು ನಾನು. ಬುಟ್ಟಿ ಗೇಟಿನ ಹೊರಗಿರುವಾಗಲೇ ಮೀನಿನ ವಯಸ್ಸು ಹೇಳಬಲ್ಲೆ. ಹಾಗಿದ್ದೂ ತಿಂದೆ. ಬ್ರೆಡ್ಡಿನಿಂದ ಒರೆಸಿ ತಿಂದೆ. ಅವನು ಬಾಗಿಲಲ್ಲಿ ನಿಂತಿದ್ದನಲ್ಲ. ಐವತ್ತಮೂರು ವರ್ಷದ ಗಂಡಸು, ಶಾಲೆಯ ಮಕ್ಕಳು ರಿಸಲ್ಟಿಗೆ ಕಾಯುವ ಹಾಗೆ ನಿಂತಿದ್ದ. ಮರುದಿನವಿಡೀ ವಾಂತಿ. ಏಸಿ ಒಗ್ಗುವುದಿಲ್ಲ ಎಂದು ಸುಳ್ಳು ಹೇಳಿದೆ.

ಮೂರು ಊಟಕ್ಕೆ ಮೂರು ಸುಳ್ಳು. ಒಂದು ನಿಜ ಹೇಳಿದ್ದರೆ ಡಿಸೆಂಬರಿನಲ್ಲೇ ಡಾಕ್ಟರಲ್ಲಿಗೆ ಹೋಗುತ್ತಿದ್ದ. ಡಿಸೆಂಬರಿನಿಂದ ಮಾರ್ಚಿಗೆ ಮೂರು ತಿಂಗಳು ಇತ್ತು.

ನಾನು ಅವನನ್ನು ಕೊಂದೆನೇ? ನನಗೆ ಬೇಕಾದ ಉತ್ತರ ಇದೊಂದೇ. ಕೊಡಬಲ್ಲವನು ಮಾತ್ರ ಕುಲಶೇಖರದ ಇಗರ್ಜಿಯ ಮಣ್ಣಿನಲ್ಲಿದ್ದಾನೆ.

ಜುಲೈ 14, ಸೋಮವಾರ

ಬಂತು. ಆರೂವರೆಗೆ.

ಜುಲೈ 27, ಭಾನುವಾರ

ಬೋಟುಗಳಿಗೆ ರಜೆಯ ಕಾಲ, ಮೀನೆಲ್ಲ ಐಸಿನದು. ರುಚಿಯೇ ಇಲ್ಲ. ಹೊಸ ಉಪ್ಪಿನ ಪ್ಯಾಕೆಟ್ ತಂದರೆ ಅದರಲ್ಲಿಯೂ ಉಪ್ಪಿಲ್ಲ. ಈ ಕಂಪೆನಿಗಳು ಏನು ಮಾರುತ್ತವೋ. ಎರಡು ಸಲ ಹಾಕಬೇಕಾಗುತ್ತದೆ. ಆಂಡ್ರಿಯಾ ಮಾತ್ರ ಈಗ ಚೆನ್ನಾಗಿ ಊಟ ಮಾಡುತ್ತಾಳೆ, ಅದೊಂದು ಸಮಾಧಾನ. ಮೊದಲು ಅರ್ಧ ಬಿಟ್ಟು ಏಳುತ್ತಿದ್ದವಳು ಈಗ ಒಂದು ಅಗುಳೂ ಬಿಡುವುದಿಲ್ಲ. ದೊಡ್ಡ ನೀರಿನ ಬಾಟಲಿಯೊಂದನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದಾಳೆ. ನರ್ಸುಗಳಿಗೆ ನೀರು ಕುಡಿಯುವುದು ಒಂದು ವ್ರತ.

ಬೆಳ್ಳುಳ್ಳಿ ವಾಸನೆಯ ಸಂಗತಿ ಅವಳಿಗೆ ಹೇಳಿದೆ. ನಗಬಹುದು ಎಂದುಕೊಂಡಿದ್ದೆ.

"ಎಷ್ಟು ದಿನದಿಂದ ಮಮ್ಮಿ?"

"ಜೂನಿನಿಂದ. ಯಾಕೆ?"

"ಸುಮ್ಮನೆ." ಇನ್ನೇನೋ ಕೇಳಲಿಕ್ಕೆ ಬಾಯಿ ತೆರೆದಳು. ಕೇಳಲಿಲ್ಲ. ನೀರು ಕುಡಿದಳು.

ಆಗಸ್ಟ್ 9, ಶನಿವಾರ

ಇವತ್ತು ಇನ್ನೊಂದು ಸಿಕ್ಕಿತು. ಜರ್ಮನ್ ಹೆಸರಿನ ಯಾರೋ, ಡಿಸೆಂಬರ್ ಹದಿನಾಲ್ಕರ ಊಟದ ಬಗ್ಗೆ ಬರೆದದ್ದು. ಅದು ನನ್ನ ಮೂರನೆಯ ಸಂಜೆ.

"ಸಿಗಡಿ ಸೂಪನ್ನು ಒಂದು ಚಮಚಕ್ಕಿಂತ ಹೆಚ್ಚು ಕುಡಿಯಲಾಗಲಿಲ್ಲ. ಆದರೆ ಕಿಟಕಿಯ ಬಳಿ ಒಬ್ಬ ಭಾರತೀಯ ಹೆಂಗಸು ಒಬ್ಬಳೇ ಕೂತು ಅದೇ ಸೂಪನ್ನು ತಲೆ ತಗ್ಗಿಸಿ ಪೂರ್ತಿ ಮುಗಿಸಿದಳು. ಬಟ್ಟಲನ್ನು ಬ್ರೆಡ್ಡಿನಿಂದ ಒರೆಸಿದಳು. ಅವಳನ್ನು ನೋಡಿದ ಮೇಲೆ ದೂರು ಹೇಳುವ ಧೈರ್ಯ ಬರಲಿಲ್ಲ. ದೋಷ ನಮ್ಮ ನಾಲಗೆಯದೇ ಇರಬಹುದು."

ಹಾಗಾದರೆ ನಾನು ಬರೇ ಸುಳ್ಳು ಹೇಳಿದ್ದಲ್ಲ. ನಿಜ ಹೇಳಬೇಕೆಂದಿದ್ದ ಇನ್ನೊಬ್ಬರ ಬಾಯಿಯನ್ನೂ ಮುಚ್ಚಿಸಿದೆ.

ಇದು ನೆನಪಾಗದ ಹಾಗೆ ಕವಿತೆಯ ಪುಸ್ತಕ ತೆರೆದೆ. ಅಕ್ಷರಗಳೆಲ್ಲ ತಲೆ ತಗ್ಗಿಸಿ ಏನನ್ನೋ ತಿನ್ನುತ್ತಿದ್ದಂತೆ ಕಂಡವು. ಮುಚ್ಚಿಟ್ಟೆ.

ಆಗಸ್ಟ್ 10, ಭಾನುವಾರ

ಇನ್ನೊಂದು ನೆನಪು, ಸೆವರಿನ್. ಡಿಸೆಂಬರಿನ ನಂತರ ಫೋನಿನಲ್ಲಿ ನೀನು ಬೇರೆಯೇ ಪ್ರಶ್ನೆ ಕೇಳುತ್ತಿದ್ದೆ. "ಎಂತ ಅಡುಗೆ?" ಎಂದು ಮೊದಲಿನಿಂದಲೂ ಕೇಳುತ್ತಿದ್ದದ್ದೇ. ಆಮೇಲೆ, "ಈಗ ಅಲ್ಲಿ ಎಂತ ಪರಿಮಳ ಉಂಟು?"

"ಎಂತದ್ದೂ ಇಲ್ಲ. ಹೇಮಾಕ್ಷಿಯ ಒಗ್ಗರಣೆ."

"ಒಗ್ಗರಣೆಯದ್ದು ಹೇಗುಂಟು, ಹೇಳು."

"ಒಗ್ಗರಣೆ ಒಗ್ಗರಣೆಯ ಹಾಗೆ ಉಂಟು! ನನಗೆ ಪೇಪರ್ ತಿದ್ದಲಿಕ್ಕುಂಟು ಮಾರಾಯ."

ದಿನವೂ ನೀನು ಕೇಳಿದ್ದೆ. ಊರಿನ ನೆನಪು ಎಂದು ನಾನು ತಿಳಿದೆ. ಒಂದು ದಿನವಾದರೂ ಸರಿಯಾಗಿ ಹೇಳಬಹುದಿತ್ತು. ಸಾಸಿವೆ ಸಿಡಿಯುವುದನ್ನು, ಕರಿಬೇವು ಬಿದ್ದೊಡನೆ ಏಳುವುದನ್ನು. ಪದಗಳಿಂದಲೇ ಹೊಟ್ಟೆ ಹೊರೆಯುವವಳು ನಾನು.

ಆಗಸ್ಟ್ 24, ಭಾನುವಾರ

ಕೋರಿರೊಟ್ಟಿ ಮಾಡಿ ಹೇಮಾಕ್ಷಿಗೂ ಒಂದು ಪಾತ್ರೆ ಕೊಟ್ಟೆ. ಹತ್ತು ನಿಮಿಷಕ್ಕೆ ಬಂದಳು.

"ಎಂತ ಟೀಚರೇ, ಸಾರಿಗೆ ಉಪ್ಪು ಹಾಕಿದ್ದಾ, ಉಪ್ಪಿಗೆ ಸಾರು ಹಾಕಿದ್ದಾ?"

"ನಿನಗೆ ಬಿಪಿ ಹೇಮಾಕ್ಷಿ, ಎಲ್ಲ ಉಪ್ಪೇ ಕಾಣ್ತದೆ."

"ಬಿಪಿ ನನ್ನ ರಕ್ತದಲ್ಲಿರುವುದು, ನಾಲಗೆಯಲ್ಲಿ ಅಲ್ಲ."

"ಆಂಡ್ರಿಯಾ, ನೀನು ಹೇಳು. ಉಪ್ಪುಂಟಾ?"

ಆಂಡ್ರಿಯಾ ಬಾಯಲ್ಲಿದ್ದದ್ದನ್ನು ನುಂಗಿ, "ಸರಿ ಉಂಟು" ಎಂದಳು. ಹೇಮಾಕ್ಷಿ ಅವಳನ್ನು ಒಂದು ಥರ ನೋಡಿದಳು. ಗೆದ್ದ ಖುಷಿಯಲ್ಲಿ ನಾನೂ ಒಂದು ಮಾತು ಎಸೆದೆ: "ನಿನ್ನ ಪಾಸ್ತಾಕ್ಕೆ ಬಿಂಬುಳಿ ಹಾಕಬಾರದಿತ್ತು ಮಾರಾಯ್ತಿ. ತಿನ್ನಲಿಕ್ಕಾಗಿರಲಿಲ್ಲ." ಹೇಮಾಕ್ಷಿ ಎರಡು ಕ್ಷಣ ಬೆರಗಾಗಿ, ಆಮೇಲೆ ಜೋರಾಗಿ ನಕ್ಕಳು. "ಅಯ್ಯೋ ದೇವರೇ, ಎರಡು ಡಬ್ಬಿ ತಿಂದಿರಲ್ಲ! ನಮ್ಮ ಮನೆಯವರು ಒಂದು ಚಮಚಕ್ಕೇ ಕೈ ಮುಗಿದಿದ್ರು."

ಎಷ್ಟು ಸುಲಭ ಇತ್ತು, ಹೇಳುವುದು.

ಆಗಸ್ಟ್ 30, ಶನಿವಾರ

ಇಂದಿನಿಂದ ಮೊಂತಿ ಫೆಸ್ತಿನ, ಮೇರಿಯಮ್ಮನ ಹುಟ್ಟುಹಬ್ಬದ, ಒಂಬತ್ತು ದಿನದ ನೊವೆನಾ ಪ್ರಾರ್ಥನೆ. ಮಕ್ಕಳೆಲ್ಲ ಹೂ ತಂದು ಪುಟ್ಟ ಮೇರಿಯಮ್ಮನ ಮುಂದೆ ಹಾಕಿದರು. ಇಗರ್ಜಿಯ ತುಂಬ ಮಲ್ಲಿಗೆ, ಗೊಂಡೆ, ದಾಸವಾಳ. ಆದರೂ ಪರಿಮಳ ಮೊದಲಿನಂತಿಲ್ಲ. ಈಗಿನ ಹೂಗಳಿಗೆ ಬಣ್ಣ ಮಾತ್ರ.

ಹಬ್ಬದ ದಿನ ಆಶೀರ್ವದಿಸಿದ ಹೊಸ ತೆನೆಯ ಕಾಳನ್ನು ಮನೆಯವರೆಲ್ಲ ತಿನ್ನಬೇಕು. ದೂರ ಇದ್ದವರ ಪಾಲನ್ನು ಕವರಿನಲ್ಲಿಟ್ಟು ಕಳಿಸುವುದು ಕ್ರಮ. ಹತ್ತೊಂಬತ್ತು ಸೆಪ್ಟೆಂಬರ್ ಮನಾಮಕ್ಕೆ ಕಳಿಸಿದ್ದೇನೆ. ಡ್ರಾವರಿನಲ್ಲಿ ಈ ವರ್ಷಕ್ಕೆಂದು ಮೊದಲೇ ತಂದಿಟ್ಟ ಕವರ್ ಉಂಟು. ಹೊರಗೆ ಎಂತ ವಿಳಾಸ ಬರೆಯುವುದು?

ಸೆಪ್ಟೆಂಬರ್ 6, ಶನಿವಾರ

ಶುಕೂರ್ ಬಂದಿದ್ದ. ಕುದ್ರೋಳಿಯವನು, ಮನಾಮದಲ್ಲಿ ನಿನ್ನ ಜೊತೆ ಹನ್ನೊಂದು ವರ್ಷ ಸಪ್ಲೈಯರ್ ಆಗಿದ್ದವನು. ಆ ಮೂರು ಸಂಜೆ ನನಗೆ ಬಡಿಸಿದ್ದೂ ಅವನೇ; ಅಕ್ಕ ಎನ್ನುವ ಹಾಗೆ ನನ್ನನ್ನು 'ಬಾಯಿ' ಎನ್ನುತ್ತಾನೆ. ಮೀಲಾದ್ ಹಬ್ಬಕ್ಕೆ ಊರಿಗೆ ಬಂದವನು ನಿನ್ನ ಚಾಕುಗಳ ಸುರುಳಿಯನ್ನು ತಂದುಕೊಟ್ಟ.

ಆಂಡ್ರಿಯಾಳೂ ಇದ್ದಳು. ನೀರುದೋಸೆ, ಕೋಳಿಸಾರು ಬಡಿಸಿದೆ. ಅವನು ಒಂದು ತುತ್ತು ತಿಂದು, "ಹೊಟ್ಟೆ ತುಂಬ ಉಂಟು ಬಾಯಿ, ನಿನ್ನೆಯ ಬಿರಿಯಾನಿಯೇ ಇಳಿಯಲಿಲ್ಲ" ಎಂದು ತಟ್ಟೆ ಸರಿಸಿದ. ಆಂಡ್ರಿಯಾ ಅವನ ಮುಖ ನೋಡಲಿಲ್ಲ.

ಬೇರೆ ಮಾತೆಲ್ಲ ಮುಗಿದ ಮೇಲೆ ಕೇಳಿಯೇಬಿಟ್ಟೆ. "ಶುಕೂರ್, ನಾನು ಆ ಮೂರು ದಿನ ಊಟ ಚೆನ್ನಾಗಿದೆ ಎಂದೆ. ಚೆನ್ನಾಗಿರಲಿಲ್ಲ. ಅದು ನಿನಗೂ ಗೊತ್ತಿತ್ತಲ್ಲ?"

ಅವನು ಟೋಪಿ ತೆಗೆದು ಮಡಿಲಲ್ಲಿಟ್ಟ.

"ಸೆವರಿನಣ್ಣನಿಗೂ ಗೊತ್ತಿತ್ತು ಬಾಯಿ."

"ಹೇಗೆ? ನಾನು ಹೇಳಲಿಲ್ಲವಲ್ಲ."

"ನೀವು ಹೇಳ್ಲಿಲ್ಲ. ನಿಮ್ಮ ಪ್ಲೇಟ್ ಹೇಳಿತು." ಶುಕೂರ್ ಕೈಯನ್ನು ಬಟ್ಟಲಿನ ಹಾಗೆ ಹಿಡಿದ. "ನೀವು ಬರುವ ಮೊದಲು ಓನರಿಂದು ದಿನಾ ಕಂಪ್ಲೇಂಟು. ಸೆವರಿನಣ್ಣ ಕೇಳಬೇಕಲ್ಲ? ಕಸ್ಟಮರಿಗೆ ನಾಲಗೆ ಇಲ್ಲ, ನನ್ನನ್ನು ಓಡಿಸಲಿಕ್ಕೆ ಮಾಡುವ ನಾಟಕ ಅಂತಿದ್ರು. ಮೂಗು ಕಟ್ಟಿದೆ ಅಂತ ಅವರಿಗೂ ಗೊತ್ತಿತ್ತು. ಕೈ ತಪ್ಪಿದೆ ಅಂತ ಗೊತ್ತಿರ್ಲಿಲ್ಲ. ಶರೊನ್ ಬರ್ಲಿ, ಅವಳ ಪ್ಲೇಟ್ ನೋಡ್ತೇನೆ ಅಂದ್ರು. ನೀವು ಬಂದ್ರಿ. ಶುಕೂರ್, ಅವಳ ಪ್ಲೇಟ್ ತೊಳೀಲಿಕ್ಕೆ ಹಾಕ್ಬೇಡ, ಮೊದಲು ನಂಗೆ ತೋರ್ಸು ಅಂತ ಹೇಳಿದ್ರು."

"ಪೂರ್ತಿ ತಿಂದಿದ್ದೆನಲ್ಲ?"

"ಅದೇ ಬಾಯಿ. ಮೊದಲ್ನೇ ದಿನ ನಕ್ಕರು, ಹಸಿವಿರ್ಬೇಕು ಅಂದ್ರು. ಎರಡ್ನೇ ದಿನ ನಗ್ಲಿಲ್ಲ. ಮೂರ್ನೇ ದಿನ ನಾನೇ ಆ ಬಟ್ಟಲು ತಕೊಂಡು ಹೋಗಿ, ನೋಡಿ ಮಾರಾಯ್ರೇ, ಖುಷಿ ಪಡಿ, ತೊಳೆಯುವ ಕೆಲಸವೇ ಇಲ್ಲ ಅಂದೆ. ಅವರು ಬಟ್ಟಲು ಹಿಡ್ಕೊಂಡು ತುಂಬ ಹೊತ್ತು ನಿಂತ್ರು. 'ನಿಂಗೆ ಗೊತ್ತಿಲ್ಲ ಶುಕೂರ್. ಒಳ್ಳೇದಾಗಿದ್ರೆ ಅವಳು ನಂಗೆ ಒಂದು ತುತ್ತು ಬಿಡ್ತಿದ್ಲು. ಕೆಟ್ಟದ್ದಾದ್ರೆ ಬೇರೆಯವರು ತಿನ್ನಬಾರ್ದು ಅಂತ ಅವಳೇ ಮುಗಿಸ್ತಾಳೆ. ಮದುವೆ ಆದಾಗಿನಿಂದ ಹಾಗೇ' ಅಂದ್ರು."

ನನಗೇ ಗೊತ್ತಿರಲಿಲ್ಲ. ದೇವರಾಣೆ, ನನ್ನ ಬಗ್ಗೆ ನನಗೇ ಇದು ಗೊತ್ತಿರಲಿಲ್ಲ.

"ಆಮೇಲೆ?" ಆಂಡ್ರಿಯಾ ಕೇಳಿದಳು.

"ಬಾಯಿಯನ್ನು ವಿಮಾನ ಹತ್ತಿಸಿದ ಮಾರನೇ ದಿನ ಆಸ್ಪತ್ರೆಗೆ ಹೋದ್ರು. ನಾನೇ ಕರ್ಕೊಂಡು ಹೋದದ್ದು. ಗಡ್ಡೆ ಉಂಟು, ಬೇಗ ಆಪರೇಷನ್ ಮಾಡಿ ಅಂದ್ರು ಡಾಕ್ಟ್ರು. ಜೂನಿನಲ್ಲಿ ರಜೆ ಉಂಟು, ಊರಲ್ಲಿ ಮಾಡಿಸ್ತೇನೆ ಅಂದ್ರು ಇವರು. ನಾನು ಬೈದೆ. ಹೆಂಡತಿಗೆ ಹೇಳಿ ಅಂದೆ. ಅವಳು ಕವಿತೆ ಓದುವವಳು, ಇಡೀ ದಿನ ಅದನ್ನೇ ಯೋಚನೆ ಮಾಡ್ತಾಳೆ, ಊರಿಗೆ ಹೋಗಿಯೇ ಹೇಳ್ತೇನೆ ಅಂದ್ರು. ನನ್ನ ಹತ್ತಿರ ಆಣೆ ಹಾಕಿಸಿದ್ರು. ಇಷ್ಟು ದಿನ ನಾನು ಬಾರದ್ದು ಅದಕ್ಕೇ ಬಾಯಿ." ಅವನು ಕಣ್ಣೊರೆಸಿಕೊಂಡ.

ಹೋಗುವಾಗ ಜೇಬಿನಿಂದ ಒಂದು ಕವರ್ ತೆಗೆದುಕೊಟ್ಟ. ನನ್ನದೇ ಅಕ್ಷರ. ಕಳೆದ ವರ್ಷದ ತೆನೆಯ ಕಾಳು, ಒಡೆಯದ ಕವರ್. ನಿನ್ನ ಲಾಕರಿನಲ್ಲಿತ್ತಂತೆ. ಹೊಸ ಅಕ್ಕಿಯ ಪರಿಮಳ ಬರುವಾಗ ತಿನ್ನುತ್ತೇನೆ ಎಂದಿದ್ದೆಯಂತೆ.

ಮೂರು ತಿಂಗಳು ಸಂಜೆ ಸಂಜೆ ನೀನು ನನ್ನ ಮೂಗಿನಿಂದ ಉಸಿರಾಡಲು ನೋಡಿದೆ. ನನಗೆ ಪೇಪರ್ ತಿದ್ದಲಿಕ್ಕಿತ್ತು.

ನಾನು ಕೊಲ್ಲಲಿಲ್ಲ. ನನ್ನ ಸುಳ್ಳು ನಿನ್ನವರೆಗೆ ಮುಟ್ಟಲೇ ಇಲ್ಲ. ಉತ್ತರ ಸಿಕ್ಕಿದ ಮೇಲೂ ನಿದ್ದೆ ಯಾಕೆ ಬರುವುದಿಲ್ಲ ಎಂದು ತಿಳಿಯುವುದಿಲ್ಲ.

ಸೆಪ್ಟೆಂಬರ್ 8, ಸೋಮವಾರ

ಮೊಂತಿ ಫೆಸ್ತ್. ಐದು ಬಗೆ ತರಕಾರಿ ಮಾಡಿದೆ. ಇಬ್ಬರೇ ಆದ್ದರಿಂದ ಬಾಳೆಲೆ ತರಲಿಲ್ಲ, ಸ್ಟೀಲಿನ ತಟ್ಟೆ. ಈ ವರ್ಷದ ಕಾಳಿನ ಜೊತೆಗೆ ನಿನ್ನ ಕವರಿನ ಹಳೆಯ ಕಾಳನ್ನೂ ಜಜ್ಜಿ ತೆಂಗಿನ ಹಾಲಿಗೆ ಹಾಕಿದೆ. ಇಬ್ಬರೂ ಕುಡಿದೆವು. ನಿನ್ನ ಪಾಲು ಒಂದು ವರ್ಷ ತಡವಾಗಿ ನಮ್ಮ ಹೊಟ್ಟೆ ಸೇರಿತು.

ನನಗೆ ಹೆಚ್ಚು ಸೇರಲಿಲ್ಲ. ಆಂಡ್ರಿಯಾ ಕೆಸುವಿನ ದಂಟು, ಬೆಂಡೆ, ಹೀರೆ, ಎಲ್ಲ ಮುಗಿಸಿದಳು. ಕೊನೆಗೆ ಬೆರಳಿನಿಂದ ತಟ್ಟೆ ಒರೆಸಿದಳು. ಗ್ಲಾಸಿಗೆ ನೀರು ಬಗ್ಗಿಸಿಕೊಂಡಳು. "ಚೆನ್ನಾಗಿತ್ತು ಮಮ್ಮಿ."

ತಟ್ಟೆ ಎತ್ತಲು ಕೈ ಚಾಚಿದವಳು ಹಾಗೇ ನಿಂತೆ. ತಟ್ಟೆಯ ತಳದಲ್ಲಿ ಟ್ಯೂಬ್‌ಲೈಟ್ ಕಾಣುತ್ತಿತ್ತು, ಅಷ್ಟು ಖಾಲಿ.

"ಆಂಡ್ರಿಯಾ, ಉಪ್ಪು?"

"ಸರಿ ಉಂಟು."

"ಆಂಡ್ರಿಯಾ."

ಅವಳು ತಟ್ಟೆ ನೋಡಿದಳು, ನನ್ನನ್ನು ನೋಡಿದಳು. ಮುಖ ಕುಸಿಯಿತು.

"ಎಷ್ಟು ದಿನದಿಂದ ನನ್ನ ಅಡುಗೆ ಹೀಗೆ?"

"ಈಸ್ಟರಿನಿಂದ."

"ಹೇಳಬೇಕಿತ್ತಲ್ಲ! ನರ್ಸ್ ನೀನು. ಹೇಳಬೇಕಿತ್ತು."

"ನೀನು ಪಪ್ಪನಿಗೆ ಹೇಳಿದ್ಯಾ?"

ಹೇಳಿದ ತಕ್ಷಣ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಆಮೇಲೆ ಅತ್ತಳು. ಮಾರ್ಚಿನಲ್ಲಿಯೂ ಹೀಗೆ ಅತ್ತಿರಲಿಲ್ಲ. "ದುಃಖಕ್ಕೆ ಹೀಗಾಗ್ತದೆ, ಸರಿ ಆಗ್ತದೆ ಅಂದ್ಕೊಂಡೆ. ಬೆಳ್ಳುಳ್ಳಿ ವಾಸನೆ ಅಂದಿಯಲ್ಲ, ಇಲ್ಲದ ವಾಸನೆ, ಗಡ್ಡೆ ಇದ್ರೂ ಹಾಗೆ ಬರ್ತದೆ ಮಮ್ಮಿ. ಕೇಳಿದ್ರೆ ನಿಜ ಆಗ್ತದೆ ಅಂತ ಹೆದರಿಕೆ. ತಿಂದ್ರೆ ಮುಗೀತಲ್ಲ ಅಂತ ತಿಂದೆ."

ಆಮೇಲೆ ಮುಖ ತೊಳೆದು ಬಂದು ನನ್ನ ಕಣ್ಣಿಗೆ ಬಟ್ಟೆ ಕಟ್ಟಿದಳು. ಒಂದೊಂದೇ ಡಬ್ಬಿ ಮೂಗಿನ ಹತ್ತಿರ ಹಿಡಿದಳು.

"ಇದೆಂತ?"

"ಕಾಫಿ ಪುಡಿ."

ಲವಂಗವಾಗಿತ್ತು.

"ಇದು?"

ಏನೂ ಇರಲಿಲ್ಲ. ಖಾಲಿ ಕೈ ಹಿಡಿದಿದ್ದಾಳೆ ಎಂದುಕೊಂಡೆ. ಬಟ್ಟೆ ಬಿಚ್ಚಿದರೆ ಅವಳ ಬೆರಳುಗಳ ನಡುವೆ ಜಜ್ಜಿದ ಬೆಳ್ಳುಳ್ಳಿ.

ಸೆಪ್ಟೆಂಬರ್ 17, ಬುಧವಾರ

ಸ್ಕ್ಯಾನ್ ಆಯಿತು. ಆಂಡ್ರಿಯಾಳ ವಾರ್ಡಿನ ಡಾಕ್ಟರೇ ನೋಡಿದರು. ಗಡ್ಡೆ ಇಲ್ಲ, ಏನೂ ಇಲ್ಲ. ಏಪ್ರಿಲಿನಲ್ಲಿ ಬಂದಿದ್ದ ಜ್ವರದಿಂದ ಹೋಗಿರಬಹುದು, ದುಃಖಕ್ಕೂ ಆಗಬಹುದು, ನಿಧಾನಕ್ಕೆ ಬರಬಹುದು ಎಂದರು. ದಿನಕ್ಕೆ ಎರಡು ಸಲ ಲವಂಗ, ನಿಂಬೆ ಮೂಸಲು ಹೇಳಿದರು. ಆಂಡ್ರಿಯಾ ಕಾರಿಡಾರಿನ ಬೆಂಚಿನಲ್ಲಿ ಕೂತು ನಕ್ಕಳು, ಅತ್ತಳು, ಮನೆಗೆ ಬರುವ ದಾರಿಯಲ್ಲಿ ಎರಡು ಐಸ್‌ಕ್ರೀಂ ತಿಂದಳು.

"ಆ ಬೆಳ್ಳುಳ್ಳಿ ವಾಸನೆಯೂ ಹೋಗ್ತದೆ" ಎಂದರು ಡಾಕ್ಟರು, ಒಳ್ಳೆಯ ಸುದ್ದಿ ಹೇಳುವ ದನಿಯಲ್ಲಿ.

ಸಂಜೆ ಬಾಲ್ಕನಿಯಲ್ಲಿ ಕಾದು ಕೂತೆ. ಬಂತು. ಇನ್ನು ಎಷ್ಟು ದಿನವೋ. ಹೊಂಬಣ್ಣ ದಾಟಿದೆ ಸೆವರಿನ್, ಉರಿ ತಗ್ಗಿಸು ಎಂದೆ.

ಅಕ್ಟೋಬರ್ 5, ಭಾನುವಾರ

ನಾಲ್ಕು ದಿನದಿಂದ ಆರೂವರೆಗೆ ಯಾವ ವಾಸನೆಯೂ ಇಲ್ಲ. ನಿನ್ನೆ ಬೆಳಿಗ್ಗೆ ನಿಂಬೆ ಒಂದು ಕ್ಷಣ ನಿಂಬೆಯಂತಿತ್ತು.

ಈಗ ಉಪ್ಪು ಹಾಕುವವಳು ಆಂಡ್ರಿಯಾ. ನಾನು ಮಸಾಲೆ ಅರೆದು ಕೊಟ್ಟರೆ ಅವಳು ರುಚಿ ನೋಡಿ ಹೇಳುತ್ತಾಳೆ. ಕರುಣೆ ಇಲ್ಲದೆ ಹೇಳುತ್ತಾಳೆ. "ಹುಳಿ ಸಾಲದು." "ಇದೆಂತ, ಆಸ್ಪತ್ರೆಯ ಕ್ಯಾಂಟೀನಾ?" ಹೇಮಾಕ್ಷಿಗೆ ಕಳಿಸುವ ಮೊದಲು ಎರಡು ಸಲ ನೋಡುತ್ತಾಳೆ. ಮರ್ಯಾದೆಯ ಪ್ರಶ್ನೆಯ ಹಾಗೆ.

ಇವತ್ತು ಬಂಗುಡೆ ಸಾರು. ಅವಳಿಗೆ ಸಂಜೆಯ ಪಾಳಿ, ಬೇಗ ಬಡಿಸಿದೆ. ಅವಳು ಏನೂ ಹೇಳದೆ ತಿಂದು, ಕೈ ತೊಳೆದು, ಚಪ್ಪಲಿ ಮೆಟ್ಟಿ ಹೋದಳು. ಚೆನ್ನಾಗಿತ್ತಾ ಎಂದು ಕೇಳಲಿಕ್ಕೆ ಲಿಫ್ಟಿನವರೆಗೆ ಹೋದೆ, ಬಾಗಿಲು ಮುಚ್ಚಿತ್ತು.

ತಿರುಗಿ ಬಂದು ತಟ್ಟೆ ಎತ್ತುವಾಗ ಕಂಡೆ. ಅಂಚಿನಲ್ಲಿ ಒಂದು ತುತ್ತು ಅನ್ನ, ಮೇಲೆ ಮುಳ್ಳು ಬಿಡಿಸಿದ ಒಂದು ತುಂಡು ಬಂಗುಡೆ.

ನಿಂತಲ್ಲೇ ಅರ್ಧ ತಿಂದೆ. ಉಳಿದದ್ದು ನಿನಗೆ.